ಜೀವಂತ ಸಮಾಧಿಯ ದೃಶ್ಯ ಬರೆಯುವ ಬಗೆ

ಚಿತ್ರಕಥೆಗಳನ್ನು ಓದಿ ತಿದ್ದಿಕೊಡುವುದು ನನ್ನ ಕಸುಬು. ಅದಕ್ಕೂ ಮೊದಲು ಧ್ವನಿಗ್ರಹಣದಲ್ಲಿದ್ದವಳು, ಹಾಗಾಗಿ ಓದುವಾಗಲೂ ಕಣ್ಣಿಗಿಂತ ಕಿವಿಯೇ ಮುಂದೆ ಓಡುತ್ತದೆ. ನನ್ನ ಮೇಜಿಗೆ ಬರುವ ಥ್ರಿಲ್ಲರ್‌ಗಳಲ್ಲಿ ಎಲ್ಲೋ ಒಂದು ಕಡೆ ಯಾರನ್ನಾದರೂ ಜೀವಂತವಾಗಿ ಹೂಳಿರುತ್ತಾರೆ. ದೃಶ್ಯವೂ ಹೆಚ್ಚುಕಡಿಮೆ ಒಂದೇ ಅಚ್ಚಿನದು. ನಾಯಕ ಕಣ್ಣು ಬಿಡುತ್ತಾನೆ, ಕತ್ತಲು. ಕೈ ಎತ್ತುತ್ತಾನೆ, ಮರದ ಹಲಗೆ. ಲೈಟರ್ ಹೊತ್ತಿಸುತ್ತಾನೆ, ಗಂಟಲು ಹರಿಯುವಂತೆ ಕಿರುಚುತ್ತಾನೆ, ಹಲಗೆಗೆ ಗುದ್ದುತ್ತಾನೆ, ಕೊನೆಗೆ ಮಣ್ಣನ್ನು ಸೀಳಿಕೊಂಡು ಒಂದು ಕೈ ಹೊರಬರುತ್ತದೆ. ಇಂಥ ಪುಟದ ಅಂಚಿನಲ್ಲಿ ನಾನು ಬರೆಯುವ ಪ್ರಶ್ನೆ ಒಂದೇ: "ಮೇಲೆ ಯಾರಿದ್ದಾರೆ?"

ಬರೆಯುವವರು ಪೆಟ್ಟಿಗೆಯ ಒಳಗಿನಿಂದ ಶುರು ಮಾಡುತ್ತಾರೆ. ನೀವು ನೆಲದ ಮೇಲಿನಿಂದ ಶುರು ಮಾಡಿ. ಒಳಗಿರುವವನ ಕೈಯಲ್ಲಿ ಆಗುವುದು ಬಹಳ ಕಡಿಮೆ. ಅವನು ಬದುಕುತ್ತಾನೋ ಇಲ್ಲವೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಮೇಲಿರುವವರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು ಎಂಬ ಸಂಗತಿ.

ಮೊದಲು ಹೂಳಿದವರನ್ನು ನಿರ್ಧರಿಸಿ

ಯಾರು ಹೂಳಿದರು, ಏಕೆ ಹೂಳಿದರು ಎಂಬುದು ಗಟ್ಟಿಯಾದರೆ ಪೆಟ್ಟಿಗೆಯೊಳಗೆ ಏನೇನು ಇರಬೇಕು ಎಂಬುದು ತಾನಾಗಿಯೇ ಬರುತ್ತದೆ.

ಶಿಕ್ಷೆಗಾಗಿ ಹೂಳಿದವರು ವಿಚಿತ್ರ ಜನ. ವ್ರತಭಂಗ ಮಾಡಿದ ವೆಸ್ಟಾ ದೇವತೆಯ ಕನ್ಯೆಯರಿಗೆ ರೋಮನ್ನರು ಕೊಡುತ್ತಿದ್ದ ಶಿಕ್ಷೆಯನ್ನು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ವಿವರಿಸುತ್ತಾನೆ: ನೆಲದಡಿಯ ಸಣ್ಣ ಕೋಣೆ, ಅದರಲ್ಲಿ ಒಂದು ಹಾಸಿಗೆ, ಉರಿಯುವ ದೀಪ, ಸ್ವಲ್ಪ ರೊಟ್ಟಿ, ನೀರು, ಹಾಲು, ಎಣ್ಣೆ. ಇಷ್ಟೆಲ್ಲ ಇಟ್ಟು ಮೆಟ್ಟಿಲು ಮೇಲೆಳೆದುಕೊಂಡು ಮಣ್ಣು ಮುಚ್ಚುತ್ತಿದ್ದರು. ಪವಿತ್ರಳಾದವಳನ್ನು ಹಸಿವಿನಿಂದ ಕೊಂದ ಪಾಪ ತಮಗೆ ಅಂಟಬಾರದಲ್ಲ! ಗ್ರೀಕ್ ನಾಟಕಕಾರ ಸಾಫಕ್ಲೀಸನ ನಾಯಕಿ ಆಂಟಿಗೊನೆಯನ್ನು ಗುಹೆಯಲ್ಲಿ ಮುಚ್ಚಿಸುವಾಗ ರಾಜ ಕ್ರಿಯೋನನೂ ಇದೇ ಲೆಕ್ಕ ಹಾಕಿ ಒಂದಿಷ್ಟು ಆಹಾರ ಇಡಿಸುತ್ತಾನೆ. ನಿಮ್ಮ ಖಳನಾಯಕ ಪೆಟ್ಟಿಗೆಯಲ್ಲಿ ಒಂದು ಬಾಟಲಿ ನೀರು ಇಟ್ಟರೆ ಅದು ಕರುಣೆಯಾಗಬೇಕಿಲ್ಲ. ಕೈ ತೊಳೆದುಕೊಳ್ಳುವ ಉಪಾಯವೂ ಆಗಬಹುದು. ಆ ಬಾಟಲಿಯ ಮೇಲೆ ಒಂದು ಮಾತು ಬರೆದರೂ ಪಾತ್ರ ಎದ್ದು ನಿಲ್ಲುತ್ತದೆ.

ಹಣಕ್ಕಾಗಿ ಹೂಳಿದವರದು ಬೇರೆ ತರ್ಕ. ಹೂಳಿಸಿಕೊಂಡವರು ಬದುಕಿರಬೇಕು, ಆದರೆ ಸಿಗಬಾರದು. 1968ರ ಡಿಸೆಂಬರ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿನಿಯನ್ನು ಅಪಹರಿಸಿ ಕಾಡಿನ ನೆಲದಲ್ಲಿ ಹೂತಿಟ್ಟರು. ಪೆಟ್ಟಿಗೆಗೆ ಗಾಳಿ ಕೊಳವೆ, ಗಾಳಿ ಎಳೆಯುವ ಪಂಪು, ಬ್ಯಾಟರಿಯ ದೀಪ, ಮಂಪರಿನ ಮದ್ದು ಬೆರೆಸಿದ ನೀರು. ದೀಪ ನಡುವೆಯೇ ಕೆಟ್ಟುಹೋಯಿತು. ಒತ್ತೆಹಣ ಕೈಸೇರಿದ ಮೇಲೆ ಅಪಹರಣಕಾರ ಫೋನ್ ಮಾಡಿ ಜಾಗದ ಅಂದಾಜು ಹೇಳಿದ. ನೂರಕ್ಕೂ ಹೆಚ್ಚು ಅಧಿಕಾರಿಗಳು ಕಾಡು ಜಾಲಾಡಿದರು. 83 ಗಂಟೆಗಳ ನಂತರ ಆಕೆ ಜೀವಂತವಾಗಿ ಹೊರಬಂದಳು. ಆ ಒಂದು ಫೋನ್ ಬಾರದಿದ್ದರೆ ಪಂಪಿನ ಬ್ಯಾಟರಿ ಮುಗಿಯುವುದೇ ಕತೆಯ ಕೊನೆ. ನಿಮ್ಮ ದೃಶ್ಯದ ಉಸಿರುಗಟ್ಟುವ ಗಳಿಗೆಯನ್ನು ಪೆಟ್ಟಿಗೆಯೊಳಗಿಂತ ಆ ಫೋನಿನ ಪಕ್ಕದಲ್ಲಿ ಹುಡುಕುವುದು ಲೇಸು.

ತಾವಾಗಿಯೇ ಹೊರಬಂದವರೂ ಇದ್ದಾರೆ. ಹೇಗೆ ಬಂದರೆಂದು ನೋಡಬೇಕು. 1976ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಊರಿನ ಶಾಲಾ ಬಸ್ಸೊಂದರಿಂದ 26 ಮಕ್ಕಳನ್ನೂ ಚಾಲಕನನ್ನೂ ಅಪಹರಿಸಿ, ಕಲ್ಲುಕ್ವಾರಿಯಲ್ಲಿ ಹೂತಿದ್ದ ಲಾರಿಯ ಪೆಟ್ಟಿಗೆಯೊಳಕ್ಕೆ ಇಳಿಸಿದರು. ಒಳಗೆ ಹಾಸಿಗೆಗಳಿದ್ದವು. ಚಾಲಕನೂ ದೊಡ್ಡ ಹುಡುಗರೂ ಅವನ್ನು ಒಂದರ ಮೇಲೊಂದು ಪೇರಿಸಿ ಚಾವಣಿಯ ಕಿಂಡಿ ಮುಟ್ಟಿದರು. ಕಿಂಡಿಯ ಮೇಲೆ ಕಬ್ಬಿಣದ ತಗಡು, ಅದರ ಮೇಲೆ ಭಾರಕ್ಕೆಂದು ಇಟ್ಟ ದೊಡ್ಡ ಬ್ಯಾಟರಿಗಳು, ಅದರ ಮೇಲೆ ಮಣ್ಣು. ಎಲ್ಲವನ್ನೂ ಸರಿಸಿ, ಹೂಳಿ ಸುಮಾರು 16 ಗಂಟೆಗಳಾದ ಮೇಲೆ ಎಲ್ಲರೂ ಹೊರಬಂದರು. ಅಪಹರಣಕಾರರು ಆಗ ನಿದ್ದೆಯಲ್ಲಿದ್ದರು. ಒತ್ತೆಹಣ ಕೇಳಲು ಫೋನ್ ಮಾಡಿದರೆ, ಗಾಬರಿಯಾದ ಜನರ ಕರೆಗಳಿಂದ ಪೊಲೀಸರ ಲೈನ್ ಸಿಕ್ಕೇ ಇರಲಿಲ್ಲ. ಇದನ್ನೇ ಯಾರಾದರೂ ಕಲ್ಪಿಸಿ ಬರೆದು ತಂದಿದ್ದರೆ "ಬಹಳ ಅನುಕೂಲಕ್ಕೆ ಬಂತು" ಎಂದು ನಾನೇ ಗೀಟು ಹಾಕುತ್ತಿದ್ದೆ. ಗಮನಿಸಿ: ಇಲ್ಲಿ ಒಳಗೆ ನಿಲ್ಲಲು ಜಾಗವಿತ್ತು, ಕಾಲಡಿಗೆ ಇಡಲು ವಸ್ತುಗಳಿದ್ದವು, ಕೈಗಳು ಹಲವಿದ್ದವು. ಶವಪೆಟ್ಟಿಗೆಯಲ್ಲಿ ಈ ಮೂರೂ ಇರುವುದಿಲ್ಲ.

ಗಾಳಿಯ ಲೆಕ್ಕವನ್ನು ಕಾಗದದ ಮೇಲೆ ಮಾಡಿ

"ಇನ್ನು ಹತ್ತು ನಿಮಿಷಕ್ಕಾಗುವಷ್ಟು ಗಾಳಿ ಮಾತ್ರ" ಎಂಬ ಸಂಭಾಷಣೆ ಬರೆಯುವ ಮೊದಲು ಪೆನ್ಸಿಲ್ ಹಿಡಿಯಿರಿ. 2.1 ಮೀಟರ್ ಉದ್ದ, 0.7 ಮೀಟರ್ ಅಗಲ, 0.6 ಮೀಟರ್ ಎತ್ತರದ ದೊಡ್ಡ ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಒಳಗೆ ಸುಮಾರು 880 ಲೀಟರ್ ಜಾಗ. ಮಲಗಿದ ಮನುಷ್ಯ 70ರಿಂದ 80 ಲೀಟರ್ ತಿನ್ನುತ್ತಾನೆ. ಉಳಿದದ್ದು ಸುಮಾರು 800 ಲೀಟರ್ ಗಾಳಿ, ಅದರಲ್ಲಿ ಶೇ. 21ರಷ್ಟು ಆಮ್ಲಜನಕ.

ಅಲುಗಾಡದೆ ಮಲಗಿದ ವಯಸ್ಕನೊಬ್ಬ ನಿಮಿಷಕ್ಕೆ ಕಾಲು ಲೀಟರ್‌ನಷ್ಟು ಆಮ್ಲಜನಕ ಬಳಸಿ, ಅದಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 0.2 ಲೀಟರ್‌ನಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಚಿತ್ರಕಥೆಗಳು ಸಾಮಾನ್ಯವಾಗಿ ಎಡವುವುದು ಇಲ್ಲಿ. ಎಲ್ಲರೂ ಆಮ್ಲಜನಕದ ಮುಳ್ಳು ತೋರಿಸುತ್ತಾರೆ, ಆದರೆ ಮೊದಲು ಹಿಂಸೆ ಕೊಡುವುದು ಅದರ ಕೊರತೆಯಲ್ಲ, ತಾನೇ ಬಿಟ್ಟ ಉಸಿರು. ಇಂಗಾಲದ ಡೈಆಕ್ಸೈಡ್ ಶೇ. 5ರ ಸುತ್ತ ಬಂದಾಗ ಮನುಷ್ಯ ಏದುಸಿರು ಬಿಡತೊಡಗುತ್ತಾನೆ, ತಲೆ ಸಿಡಿಯುತ್ತದೆ, ಮೈ ಬೆವರುತ್ತದೆ. ಶೇ. 10ರ ಹತ್ತಿರ ಬುದ್ಧಿ ಕದಡಿ ಪ್ರಜ್ಞೆ ತಪ್ಪುತ್ತದೆ. ನಮ್ಮ 800 ಲೀಟರ್‌ಗೆ ಶೇ. 5 ಎಂದರೆ 40 ಲೀಟರ್. ನಿಮಿಷಕ್ಕೆ 0.2ರಂತೆ ಮೂರು ಗಂಟೆ ಇಪ್ಪತ್ತು ನಿಮಿಷ. ಶೇ. 10ಕ್ಕೆ ಅದರ ಎರಡರಷ್ಟು.

ಇದು ತಣ್ಣಗೆ ಮಲಗಿದವನ ಲೆಕ್ಕ. ಕಿರುಚಿ, ಒದ್ದು, ಗುದ್ದುವವನು ನಿಮಿಷಕ್ಕೆ ಒಂದು ಲೀಟರ್ ಬಿಟ್ಟನೆನ್ನಿ, ಅದೇ 40 ಲೀಟರ್ 40 ನಿಮಿಷದಲ್ಲಿ ತುಂಬುತ್ತದೆ. ಪೆಟ್ಟಿಗೆ ಇಕ್ಕಟ್ಟಾದಷ್ಟೂ ಎಲ್ಲ ಅಂಕಿಯೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಪಾತ್ರದ ಸ್ವಭಾವವೇ ಗಡಿಯಾರವಾಯಿತಲ್ಲ, ಇದಕ್ಕಿಂತ ಇನ್ನೇನು ಬೇಕು? ಮುಂಗೋಪಿ ಬೇಗ ಸಾಯುತ್ತಾನೆ. ಪೆಟ್ಟಿಗೆಯಲ್ಲಿ ಇಬ್ಬರಿದ್ದರೆ ಒಬ್ಬನ ಗಾಬರಿ ಇನ್ನೊಬ್ಬನ ಆಯುಷ್ಯವನ್ನೂ ಕುಡಿಯುತ್ತದೆ, ಆ ದೃಶ್ಯದಲ್ಲಿ ಜಗಳಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಜಾದೂಗಾರ ಹೌದಿನಿ 1926ರ ಆಗಸ್ಟ್ 5ರಂದು ನ್ಯೂಯಾರ್ಕಿನ ಶೆಲ್ಟನ್ ಹೋಟೆಲಿನ ಈಜುಕೊಳದಲ್ಲಿ, ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಸುಮಾರು ಒಂದೂವರೆ ಗಂಟೆ ಕಳೆದ. ಅದಕ್ಕೂ ಮೊದಲು ರೆಹಮಾನ್ ಬೇ ಎಂಬಾತ ಇಂಥದೇ ಪೆಟ್ಟಿಗೆಯಲ್ಲಿ ಒಂದು ಗಂಟೆ ಇದ್ದು, ಅದು ತನ್ನ ಅತೀಂದ್ರಿಯ ಶಕ್ತಿ ಎಂದು ಹೇಳಿಕೊಂಡಿದ್ದ. ಹೌದಿನಿ ಮಾಡಿದ್ದು ಇಷ್ಟೇ: ಅಲುಗಾಡದೆ ಮಲಗಿ, ಸಣ್ಣ ಸಣ್ಣ ಉಸಿರು ತೆಗೆದುಕೊಂಡ. ಶಕ್ತಿಯೂ ಇಲ್ಲ, ಮಂತ್ರವೂ ಇಲ್ಲ.

ಇನ್ನು ಲೈಟರ್. ಒಂದು ಮೇಣದಬತ್ತಿ ಉರಿಯುವಾಗ ಹೊಮ್ಮುವ ಶಾಖ ಸುಮಾರು 80 ವಾಟ್. ಸುಮ್ಮನೆ ಮಲಗಿದ ಮನುಷ್ಯನ ದೇಹದ್ದೂ ಹತ್ತಿರಹತ್ತಿರ ಅಷ್ಟೇ. ಹಾಗಾಗಿ ಎರಡಕ್ಕೂ ಬೇಕಾಗುವ ಆಮ್ಲಜನಕವೂ ಒಂದೇ ಅಳತೆಯದು, ನಿಮಿಷಕ್ಕೆ ಕಾಲು ಲೀಟರ್. ಬೆಳಕಿಗೆಂದು ಬತ್ತಿ ಹಚ್ಚಿದವನು ಪೆಟ್ಟಿಗೆಯೊಳಕ್ಕೆ ಇನ್ನೊಬ್ಬನನ್ನು ಕರೆದು ಮಲಗಿಸಿಕೊಂಡಂತೆ. ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದಾಗ ಜ್ವಾಲೆ ಆರುತ್ತದೆ, ಮನುಷ್ಯನಿಗೆ ಆಗಲೂ ಎಚ್ಚರವಿರುತ್ತದೆ. ಬೆಂಕಿ ಮೊದಲು, ಮನುಷ್ಯ ಆಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿದ ಎಷ್ಟೋ ಚಿತ್ರಕಥೆಗಳಲ್ಲಿ ಸತ್ತವನ ಕೈಯಲ್ಲಿ ಲೈಟರ್ ಉರಿಯುತ್ತಲೇ ಇರುತ್ತದೆ. ನೋಡಲು ಚೆಂದ, ಆದರೆ ಸುಳ್ಳು. ಅದರ ಬದಲು ಲೈಟರ್ ಕಿಡಿ ಹಾರಿಸುತ್ತದೆ, ಹೊತ್ತಿಕೊಳ್ಳುವುದಿಲ್ಲ, ಒಳಗೆ ಇಂಧನವಿದೆ, ಅವನಿಗೆ ಏನಾಗುತ್ತಿದೆ ಎಂದು ಅರ್ಥವಾಗುತ್ತದೆ ಎಂದು ಬರೆದು ನೋಡಿ.

ಅಪರಾಧ ತನಿಖೆಯ ಅಮೆರಿಕನ್ ಧಾರಾವಾಹಿ ಸಿಎಸ್ಐನ 2005ರ ಒಂದು ಜೋಡಿ ಕಂತು ಈ ಗಾಳಿ-ಬೆಳಕಿನ ವ್ಯಾಪಾರವನ್ನು ಬಹಳ ಕುಯುಕ್ತಿಯಿಂದ ಬಳಸಿತು. ಹೂಳಿದ ಪಾರದರ್ಶಕ ಪೆಟ್ಟಿಗೆಯಲ್ಲಿ ಕ್ಯಾಮೆರಾ ಇದೆ. ಮೇಲಿನ ಸಹೋದ್ಯೋಗಿಗಳು ನೋಡಬೇಕೆಂದರೆ ಗುಂಡಿ ಒತ್ತಿ ಒಳಗಿನ ದೀಪ ಹೊತ್ತಿಸಬೇಕು. ದೀಪ ಹೊತ್ತಿದಾಗ ಗಾಳಿಯ ಫ್ಯಾನ್ ನಿಲ್ಲುತ್ತದೆ. ಪ್ರೀತಿಯಿಂದ ನೋಡಿದಷ್ಟೂ ಅವನಿಗೆ ಕುತ್ತು. ಮೇಲಿನವರನ್ನೂ ಕೆಳಗಿನವನನ್ನೂ ಒಂದೇ ತಂತಿಯಲ್ಲಿ ಕಟ್ಟಿದ ಈ ಉಪಾಯ ನಿರ್ದೇಶಕ ಟರಂಟೀನೊ ಮಾಡಿಸಿದ್ದು.

ಮಣ್ಣನ್ನು ಹಗುರವಾಗಿ ಕಾಣಬೇಡಿ

ಅದೇ ಟರಂಟೀನೊ ಒಂದು ವರ್ಷದ ಹಿಂದೆ, 2004ರ 'ಕಿಲ್ ಬಿಲ್' ಎರಡನೇ ಭಾಗದಲ್ಲಿ, ನಾಯಕಿಯನ್ನು ಗುದ್ದಿನಿಂದಲೇ ಶವಪೆಟ್ಟಿಗೆ ಒಡೆಸಿ ಹೊರತಂದಿದ್ದರು. ಅದು ಪುರಾಣದ ಧಾಟಿಯ ಸಿನಿಮಾ, ಅಲ್ಲಿ ಸಲ್ಲುತ್ತದೆ. ನೀವು ಬರೆಯುತ್ತಿರುವುದು ಪೊಲೀಸ್ ಠಾಣೆ, ಫೋನ್ ಕರೆ, ಸಾಕ್ಷಿಗಳ ಕತೆಯಾದರೆ ಸಲ್ಲುವುದಿಲ್ಲ.

ಲೆಕ್ಕ ನೋಡಿ. ಒಂದು ಘನ ಮೀಟರ್ ಮಣ್ಣು ಸಾಧಾರಣವಾಗಿ ಒಂದೂವರೆ ಟನ್ ತೂಗುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ನಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದೇ ಮೀಟರ್ ಮಣ್ಣಿದ್ದರೂ ಎರಡು ಟನ್ನಿಗಿಂತ ಹೆಚ್ಚಾಯಿತು. ಗುದ್ದಲು ಕೈ ಹಿಂದಕ್ಕೆಳೆಯಬೇಕು, ಒಳಗೆ ಎದೆಗೂ ಮುಚ್ಚಳಕ್ಕೂ ನಡುವೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಜಾಗವಷ್ಟೇ ಇರುತ್ತದೆ. ಹಲಗೆ ಒಡೆಯಿತೆಂದೇ ಇಟ್ಟುಕೊಳ್ಳೋಣ. ಮಣ್ಣು ಮುಖದ ಮೇಲೆ ಸುರಿಯುತ್ತದೆ. ಅದನ್ನು ಎಲ್ಲಿಗೆ ಸರಿಸುವುದು? ಕೆದಕಿದ ಮಣ್ಣು ಸಡಿಲಗೊಂಡು ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಪೆಟ್ಟಿಗೆ ತುಂಬಿಹೋಗುತ್ತದೆ, ಮೇಲಿನ ಮಣ್ಣು ಇನ್ನೂ ಬಾಕಿ ಇರುತ್ತದೆ.

ಪೆಟ್ಟಿಗೆಯೇ ಇಲ್ಲದೆ ಬರಿಯ ಮಣ್ಣಿನಲ್ಲಿ ಹೂಳುವ ದೃಶ್ಯವಾದರೆ ಗಾಳಿಯ ಮಾತೇ ಬರುವುದಿಲ್ಲ. ಉಸಿರು ಬಿಟ್ಟಾಗ ಎದೆಗೂಡು ಕುಗ್ಗುತ್ತದೆ, ಆ ಸಂದಿಗೆ ಮಣ್ಣು ಇಳಿದು ಕೂರುತ್ತದೆ, ಮುಂದಿನ ಉಸಿರಿಗೆ ಎದೆ ಹಿಗ್ಗಲು ಜಾಗವಿರುವುದಿಲ್ಲ. ಹೌದಿನಿಯೇ 1910ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೆಟ್ಟಿಗೆಯಿಲ್ಲದೆ ಆರಡಿ ಆಳದಿಂದ ಮೇಲೆ ಬರಲು ಹೋಗಿ ಸಾಯುವಂತಾದ. ಕೈ ಮಾತ್ರ ಹೊರಬಂತು, ಉಳಿದವನನ್ನು ಸಹಾಯಕರು ಎಳೆದು ಹಾಕಿದರು. ನೆಲದಿಂದ ಕೈ ಹೊರಬರುವ ಆ ಪ್ರಸಿದ್ಧ ಶಾಟ್ ನಿಮಗೆ ಬೇಕೇ ಬೇಕೆಂದಿದ್ದರೆ ಹೀಗೆ ಬಳಸಿ: ಕೈ ಬರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ, ಅದನ್ನು ಹಿಡಿಯಲು ಯಾರಾದರೂ ಇರಬೇಕು.

ಹಿಮದ ಕತೆ ಬರೆಯುವವರಿಗೆ ಒಂದು ಅಂಕಿ. ಸ್ವಿಟ್ಜರ್ಲೆಂಡಿನ ಹಿಮಪಾತಗಳ ಕುರಿತು 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಮದಡಿ ಸಿಕ್ಕವರನ್ನು 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕಿರುತ್ತಾರೆ, 35 ನಿಮಿಷದ ಹೊತ್ತಿಗೆ ಹತ್ತರಲ್ಲಿ ಮೂವರು. ಬಿಟ್ಟ ಉಸಿರಿನ ತೇವ ಮೂಗು ಬಾಯಿಯ ಮುಂದೆ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಆ ಕಾಲು ಗಂಟೆಯಲ್ಲಿ ಹೊರಗಿನಿಂದ ರಕ್ಷಣಾ ತಂಡ ಬಂದು ತಲುಪುವುದು ಅಪರೂಪ. ಪಕ್ಕದಲ್ಲೇ ಇದ್ದ ಗೆಳೆಯ ಅಗೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕತ್ತಲನ್ನು ಕಿವಿಯಿಂದ ಬರೆಯಿರಿ

ಒಂದು ಮರದ ಪೆಟ್ಟಿಗೆಯೊಳಗೆ ಮೈಕ್ ಇಟ್ಟು, ಹೊರಗಿನಿಂದ ಗೆಳೆಯನೊಬ್ಬ ಸಲಿಕೆಯಲ್ಲಿ ಮಣ್ಣು ಎಳೆಯುವುದನ್ನು ನಾನು ಧ್ವನಿಮುದ್ರಿಸಿಕೊಂಡಿದ್ದೆ. ಮೊದಲ ಸಲಿಕೆ ಮಣ್ಣು ಹಲಗೆಗೆ ನೇರ ಬಡಿಯುತ್ತದೆ, ಗಡುಸು ಸದ್ದು, ಜೊತೆಗೆ ಸಣ್ಣ ಕಲ್ಲುಗಳು ಉರುಳಿ ಅಂಚಿಗೆ ಹೋಗುವ ಗರಗರ. ಹಲಗೆ ಮುಚ್ಚಿದ ಮೇಲೆ ಮಣ್ಣು ಮಣ್ಣಿನ ಮೇಲೆ ಬೀಳುತ್ತದೆ, ಕಲ್ಲಿನ ಸದ್ದು ಮೊದಲು ಮಾಯವಾಗುತ್ತದೆ, ಆಮೇಲೆ ಮಾತು. ಗೆಳೆಯ ಏನೋ ಹೇಳುತ್ತಿದ್ದಾನೆ ಎಂದು ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಕೊನೆಗೆ ಉಳಿದದ್ದು ದೂರದ ಮೆತ್ತನೆಯ ದಬ್ ದಬ್, ಅದರ ನಡುವೆ ಹಲಗೆ ಭಾರಕ್ಕೆ ಕಿರುಗುಟ್ಟುವುದು ಮಾತ್ರ ಬಹಳ ಹತ್ತಿರ. ಹೊರಗಿನದು ದೂರವಾದಷ್ಟೂ ಒಳಗಿನದು ಹತ್ತಿರವಾಗುತ್ತದೆ: ಬಟ್ಟೆ ಹಲಗೆಗೆ ಉಜ್ಜುವುದು, ಎಂಜಲು ನುಂಗುವುದು, ರೆಪ್ಪೆ ಬಡಿಯುವುದೂ. ಈ ಅದಲುಬದಲು ಒಂದನ್ನೇ ನಂಬಿ ಒಂದು ಪುಟ ಬರೆಯಬಹುದು. ಹಿನ್ನೆಲೆ ಸಂಗೀತ ಹಾಕಿದಿರೋ, ಎಲ್ಲ ಬಣ್ಣ ಮಸಿ ನುಂಗಿತು.

ಕ್ಯಾಮೆರಾದ ವಿಷಯದಲ್ಲಿ ಎರಡು ದಾರಿಗಳನ್ನು ನೋಡಿ. 1932ರ 'ವ್ಯಾಂಪಿರ್' ಚಿತ್ರದಲ್ಲಿ ಕಾರ್ಲ್ ಡ್ರೇಯರ್ ಶವಪೆಟ್ಟಿಗೆಯ ಮುಚ್ಚಳಕ್ಕೆ ಗಾಜಿನ ಕಿಟಕಿ ಇಟ್ಟು, ಮಲಗಿದವನ ಕಣ್ಣಿನಿಂದ ಮೇಲೆ ನೋಡಿದ್ದಾರೆ. ಬಗ್ಗಿ ನೋಡುವ ಮುಖಗಳು, ಆಮೇಲೆ ಸರಿದು ಹೋಗುವ ಮರ, ಕಟ್ಟಡ, ಆಕಾಶ. 2010ರ 'ಬರಿಡ್' ಚಿತ್ರದಲ್ಲಿ ರೊಡ್ರಿಗೊ ಕೊರ್ಟೆಸ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ಪೆಟ್ಟಿಗೆಯಿಂದ ಹೊರಗೆ ಹೋಗುವುದೇ ಇಲ್ಲ. ಅದಕ್ಕಾಗಿ ಬಾರ್ಸಿಲೋನಾದಲ್ಲಿ 7 ಬೇರೆ ಬೇರೆ ಪೆಟ್ಟಿಗೆಗಳನ್ನು ಕಟ್ಟಿಸಿ 17 ದಿನ ಚಿತ್ರೀಕರಿಸಿದರು. ಆದರೆ ಆ ಚಿತ್ರವೂ ಮೇಲಿನವರ ಕತೆಯೇ, ನೋಡಿ. ಮೊಬೈಲಿನ ಆಚೆ ತುದಿಯ ದನಿಗಳು, ಕರೆಯನ್ನು ಇನ್ನೊಬ್ಬರಿಗೆ ದಾಟಿಸುವ ಗುಮಾಸ್ತರು, ಕೈ ತೊಳೆದುಕೊಳ್ಳುವ ಕಂಪನಿ. ಮುಖ ಕಾಣದ ಆ ಜನರಿಲ್ಲದಿದ್ದರೆ ಹತ್ತು ನಿಮಿಷಕ್ಕೆ ಚಿತ್ರ ಬತ್ತಿಹೋಗುತ್ತಿತ್ತು. (ಮೊಬೈಲ್ ಇಡುವುದಾದರೆ ಮಣ್ಣು ಒಣಗಿರಲಿ, ಆಳ ಕಡಿಮೆಯಿರಲಿ. ಒದ್ದೆ ಮಣ್ಣು ಸಿಗ್ನಲನ್ನು ನುಂಗುತ್ತದೆ.)

ಸತ್ತನೆಂದು ತಪ್ಪು ತಿಳಿದ ಕತೆಯಾದರೆ ಕಾಲವನ್ನು ನೋಡಿಕೊಳ್ಳಿ

ಈ ಭಾಗದಲ್ಲಿ ನನಗೆ ಹೇಳಲು ಬಹಳವಿದೆ, ಏಕೆಂದರೆ ಇಲ್ಲಿ ಇತಿಹಾಸವೇ ಚಿತ್ರಕಥೆಗಾರರಿಗಿಂತ ಮುಂದಿದೆ.

ಹಳೆಯ ಜಾನಪದದಲ್ಲಿ ಉಂಗುರದ ಕಳ್ಳನ ಕತೆ ಯುರೋಪಿನ ಎಷ್ಟೋ ಊರುಗಳಲ್ಲಿ ಸಿಗುತ್ತದೆ. ಜರ್ಮನಿಯ ಕಲೋನಿನಲ್ಲಿ ಅವಳ ಹೆಸರು ರಿಚ್‌ಮೋಡಿಸ್. ಪ್ಲೇಗಿನಲ್ಲಿ ಸತ್ತಳೆಂದು ಹೂತರು. ಬೆರಳಿನ ಉಂಗುರಕ್ಕಾಗಿ ಸಮಾಧಿ ಅಗೆದವರ ಕೈಯಲ್ಲಿ ಅವಳು ಎಚ್ಚರಗೊಂಡು ಮನೆಗೆ ನಡೆದಳು. ಗಂಡನಿಗೆ ಸುದ್ದಿ ಮುಟ್ಟಿದಾಗ, ನನ್ನ ಕುದುರೆಗಳು ಅಟ್ಟ ಹತ್ತಿದರೂ ಹತ್ತಾವು, ಅವಳು ಬರಲಾರಳು ಎಂದನಂತೆ. ಕುದುರೆಗಳ ಗೊರಸು ಮೆಟ್ಟಿಲ ಮೇಲೆ ಕೇಳಿಸಿತು. ಆ ಊರಿನ ಗೋಪುರವೊಂದರ ಕಿಟಕಿಯಿಂದ ಇಂದಿಗೂ ಎರಡು ಕುದುರೆತಲೆಗಳು ಇಣುಕುತ್ತವೆ. ಇಲ್ಲೂ ಅವಳನ್ನು ಉಳಿಸಿದವನು ಮೇಲಿನವನೇ, ಅವನು ಕಳ್ಳ ಎಂಬುದಷ್ಟೇ ವ್ಯತ್ಯಾಸ.

18 ಮತ್ತು 19ನೇ ಶತಮಾನದಲ್ಲಿ ಭಯ ಹುಚ್ಚು ಹಿಡಿದಂತಿತ್ತು. 1740ರಲ್ಲಿ ಪ್ಯಾರಿಸಿನ ಅಂಗರಚನಾ ತಜ್ಞ ವಿನ್ಸ್ಲೊ, ದೇಹ ಕೊಳೆಯುವುದೊಂದೇ ಸಾವಿನ ನಂಬಬಹುದಾದ ಗುರುತು ಎಂದು ವಾದಿಸಿದರು. ಕಾಲರಾ ಬಂದಾಗ ಹೆಣಗಳನ್ನು ಆತುರಾತುರವಾಗಿ ಹೂಳುತ್ತಿದ್ದರು, ಭಯಕ್ಕೆ ಅದೇ ಮೇವಾಯಿತು. ಬೆಲ್ಜಿಯಂನ ಕಲಾವಿದ ವಿಯರ್ಟ್ಸ್ 1854ರಲ್ಲಿ, ಕಾಲರಾದಲ್ಲಿ ಸತ್ತವನೆಂದು ಬರೆದ ಪೆಟ್ಟಿಗೆಯಿಂದ ಕೈ ಚಾಚುವವನನ್ನು ಚಿತ್ರಿಸಿದ. ಎಡ್ಗರ್ ಆಲನ್ ಪೋ 1844ರ ತನ್ನ ಕತೆಯಲ್ಲಿ ಈ ಭಯವನ್ನೇ ಪಾತ್ರವಾಗಿಸಿದ. ಅವನ ನಿರೂಪಕ ಎಲ್ಲ ಮುನ್ನೆಚ್ಚರಿಕೆ ಮಾಡಿಕೊಂಡೂ ಕತ್ತಲಲ್ಲಿ ಹಲಗೆಗಳ ನಡುವೆ ಎಚ್ಚರಗೊಳ್ಳುತ್ತಾನೆ, ಅದು ದೋಣಿಯೊಂದರ ಇಕ್ಕಟ್ಟಾದ ಮಲಗುವ ಜಾಗ! ಇದೇ ಕತೆಯ ಹೆಸರಿನಲ್ಲಿ 1962ರಲ್ಲಿ ರೋಜರ್ ಕೊರ್ಮನ್ ಸಿನಿಮಾ ಮಾಡಿದರು. ದೊಡ್ಡವರೂ ಹೆದರಿದ್ದರು. 1799ರಲ್ಲಿ ಸಾಯುವ ಹೊತ್ತಿನಲ್ಲಿ ಜಾರ್ಜ್ ವಾಷಿಂಗ್ಟನ್, ಮೂರು ದಿನ ಕಳೆಯುವ ಮುನ್ನ ಸಮಾಧಿಯಲ್ಲಿ ಇಡಬೇಡಿ ಎಂದು ಕೇಳಿಕೊಂಡರು. ಆಲ್ಫ್ರೆಡ್ ನೊಬೆಲ್ 1895ರ ಉಯಿಲಿನಲ್ಲಿ, ಸತ್ತ ಮೇಲೆ ರಕ್ತನಾಳ ಕತ್ತರಿಸಿ, ವೈದ್ಯರು ಖಚಿತಪಡಿಸಿದ ನಂತರ ದಹನ ಮಾಡಬೇಕೆಂದು ಬರೆಸಿದರು.

ಸಮಾಧಿ ತೆರೆದಾಗ ದೇಹ ಹೊರಳಿತ್ತು, ಬಾಯಲ್ಲಿ ರಕ್ತವಿತ್ತು, ಉಗುರು ಬೆಳೆದಿತ್ತು ಎಂಬ ವರದಿಗಳನ್ನು ಹಾಗೆಯೇ ನಂಬಬೇಡಿ. ಕೊಳೆಯುವಾಗ ಉತ್ಪತ್ತಿಯಾಗುವ ಅನಿಲ ದೇಹವನ್ನು ಉಬ್ಬಿಸಿ ಅಲುಗಾಡಿಸುತ್ತದೆ, ದ್ರವವನ್ನು ಬಾಯಿಗೆ ತಳ್ಳುತ್ತದೆ. ಚರ್ಮ ಒಣಗಿ ಹಿಂದೆ ಸರಿದಾಗ ಉಗುರು ಬೆಳೆದಂತೆ ಕಾಣುತ್ತದೆ.

ಆ ಕಾಲದ ಕತೆ ಬರೆಯುವವರಿಗೆ ಸಲಕರಣೆಗಳ ಸಂತೆಯೇ ಇದೆ. 1868ರಲ್ಲಿ ಅಮೆರಿಕದ ನೆವಾರ್ಕಿನ ಫ್ರಾಂಜ್ ವೆಸ್ಟರ್ ಪೇಟೆಂಟ್ ಪಡೆದ ಪೆಟ್ಟಿಗೆಯಲ್ಲಿ ಮುಖದ ಮೇಲೆ ನೆಲದವರೆಗೆ ಏರುವ ಕೊಳವೆ, ಅದರಲ್ಲಿ ಏಣಿ, ಕೈಯಲ್ಲಿ ಗಂಟೆಯ ಹಗ್ಗ. 1897ರಲ್ಲಿ ರಷ್ಯಾದ ಅರಮನೆಯ ಅಧಿಕಾರಿ ಕೌಂಟ್ ಕಾರ್ನಿಸ್-ಕಾರ್ನಿಕಿ ರೂಪಿಸಿದ್ದರಲ್ಲಿ ಎದೆಯ ಮೇಲೊಂದು ಗಾಜಿನ ಗೋಳ. ಎದೆ ಕದಲಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಗಾಳಿ ಬಿಡುತ್ತದೆ, ಮೇಲೆ ಬಾವುಟ ಏರುತ್ತದೆ, ಗಂಟೆ ಬಾರಿಸುತ್ತದೆ. ತೊಡಕೇನೆಂದರೆ, ಉಬ್ಬುವ ಹೆಣವೂ ಎದೆ ಕದಲಿಸುತ್ತದೆ. ಮ್ಯೂನಿಕ್‌ನಲ್ಲಿ ಕಾಯುವ ಶವಾಗಾರವಿತ್ತು. ಮಾರ್ಕ್ ಟ್ವೇನ್ 1883ರ ತಮ್ಮ ಪುಸ್ತಕದಲ್ಲಿ ಅದನ್ನು ವರ್ಣಿಸಿದ್ದಾರೆ: ಸಾಲಾಗಿ ಮಲಗಿಸಿದ ಹೆಣಗಳು, ಬೆರಳಿಗೆ ಉಂಗುರ, ಉಂಗುರದಿಂದ ತಂತಿ, ತಂತಿಯ ತುದಿಗೆ ಕಾವಲುಗಾರನ ಕೋಣೆಯ ಗಂಟೆ. ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಆ ಕಾವಲುಗಾರನೇ ನನಗೆ ಈ ಇಡೀ ಇತಿಹಾಸದ ನಾಯಕ. ಅವನ ಮೇಲೆ ಯಾರೂ ಸಿನಿಮಾ ಬರೆದು ನನ್ನ ಬಳಿಗೆ ತಂದಿಲ್ಲ. ಬರೆದರೆ ಮೊದಲು ನನಗೆ ಕೊಡಿ.

ಇಂದಿನ ಕತೆಯಲ್ಲಿ ಸತ್ತನೆಂಬ ತಪ್ಪು ತಿಳಿವಳಿಕೆ ಕಷ್ಟ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಹೃದಯ ಮತ್ತೆ ಚಾಲೂ ಮಾಡುವ ಪ್ರಯತ್ನ ನಿಲ್ಲಿಸಿದ ಮೇಲೆ ಅದು ತಾನಾಗಿ ಬಡಿಯತೊಡಗಿದ ಉದಾಹರಣೆಗಳು 1982ರಿಂದ ವೈದ್ಯಕೀಯ ದಾಖಲೆಗಳಲ್ಲಿವೆ. ಹೆಚ್ಚಿನವು ಹತ್ತು ನಿಮಿಷದೊಳಗಿನವು. ಅತಿಯಾದ ಚಳಿಯೂ ಸಾವಿನ ವೇಷ ಹಾಕುತ್ತದೆ. 1999ರಲ್ಲಿ ನಾರ್ವೆಯಲ್ಲಿ ಹಿಮದ ಹೊಳೆಗೆ ಬಿದ್ದ ಯುವ ವೈದ್ಯೆಯ ಮೈ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು ಹೃದಯ ನಿಂತಿತ್ತು, ಆಕೆ ಬದುಕಿದಳು. ನಂಬಿಸಲು ಚಳಿಯನ್ನು ಬಳಸಿ, ವಿಷವನ್ನಲ್ಲ. ವಿಷ ಬಳಸಲೇಬೇಕೆಂದವರು ಜೂಲಿಯೆಟ್ಟಳ 42 ಗಂಟೆಯ ಮದ್ದಿನ ಹಾದಿ ಹಿಡಿಯುತ್ತಾರೆ, ಇಲ್ಲವೇ ಹೈಟಿಯ ಜೋಂಬಿ ಪುಡಿಯದು. ಪಫರ್ ಮೀನಿನ ವಿಷದಿಂದ ಜನರನ್ನು ಸತ್ತಂತೆ ಮಾಡುತ್ತಾರೆಂದು ಮಾನವಶಾಸ್ತ್ರಜ್ಞ ವೇಡ್ ಡೇವಿಸ್ 1985ರಲ್ಲಿ ಬರೆದರು, 1988ರಲ್ಲಿ ಸಿನಿಮಾ ಆಯಿತು, ವಿಜ್ಞಾನಿಗಳು ತಕರಾರು ತೆಗೆದರು. ಆ ವಿಷ ಉಸಿರಾಟದ ಸ್ನಾಯುಗಳನ್ನೇ ಕಟ್ಟಿಹಾಕುತ್ತದೆ, ಪ್ರಮಾಣ ಕೂದಲೆಳೆ ತಪ್ಪಿದರೂ ನಟನೆಯ ಸಾವು ನಿಜವಾಗುತ್ತದೆ.

ಹೊರತೆಗೆಯುವ ದೃಶ್ಯಕ್ಕೆ ಪುಟ ಉಳಿಸಿಕೊಳ್ಳಿ

ಕುಸಿದ ಕಟ್ಟಡದ ಕತೆಯಲ್ಲಿ ನಿಜವಾದ ನಾಟಕ ಮೌನದ್ದು. ರಕ್ಷಣಾ ತಂಡದವರು ಆಗಾಗ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಎಲ್ಲರನ್ನೂ ಸುಮ್ಮನಾಗಿಸಿ, ಅವಶೇಷಕ್ಕೆ ಬಡಿದು ಕಿವಿಗೊಡುತ್ತಾರೆ. 1995ರಲ್ಲಿ ಸೋಲ್ ನಗರದ ಸಾಂಪುಂಗ್ ಮಳಿಗೆ ಕುಸಿದು 502 ಜನ ಸತ್ತರು. ಕೊನೆಯ ಬದುಕುಳಿದವಳು, 19 ವರ್ಷದ ಮಾರಾಟಗಾರ್ತಿ, ಸಿಕ್ಕಿದ್ದು 16ನೇ ದಿನದ ಹೊತ್ತಿಗೆ. ಚಿಲಿಯ ಸಾನ್ ಹೊಸೆ ಗಣಿಯಲ್ಲಿ 2010ರ ಆಗಸ್ಟ್ 5ರಂದು ಸಿಕ್ಕಿಬಿದ್ದ 33 ಮಂದಿಯನ್ನು ಕೊರೆಯುವ ಯಂತ್ರ ಮುಟ್ಟಿದ್ದು 17 ದಿನಗಳ ಮೇಲೆ. ಅವರು ಕೊರೆಗೋಲಿಗೆ ಬಡಿದರು, ತುದಿಗೆ ಚೀಟಿ ಕಟ್ಟಿದರು. ಮೇಲೆ ಎಳೆದಾಗ ಕೆಂಪು ಅಕ್ಷರ: 33 ಜನರೂ ಆಶ್ರಯದಲ್ಲಿ ಚೆನ್ನಾಗಿದ್ದೇವೆ. ಅಲ್ಲಿಂದ ಹೊರಬರಲು ಇನ್ನೂ ಏಳು ವಾರ ಹಿಡಿಯಿತು, ಒಟ್ಟು 69 ದಿನ. ಹೊರಗೆ ಬಂದವರ ಕಣ್ಣಿಗೆ ಕಪ್ಪು ಕನ್ನಡಕವಿತ್ತು. ನಿಮ್ಮ ನಾಯಕನನ್ನು ಕತ್ತಲೆಯಿಂದ ನೇರ ಬಿಸಿಲಿಗೆ ತಂದು ಕಣ್ಣರಳಿಸಿ ನಗಿಸಬೇಡಿ.

ಕಾಲಿನ ಮೇಲೆ ಕಲ್ಲು ಬಿದ್ದು ಗಂಟೆಗಟ್ಟಲೆ ಮಲಗಿದ್ದವನಿಗೆ ಅಪಾಯ ಹೆಚ್ಚುವುದು ಕಲ್ಲು ಎತ್ತಿದಾಗ. ಜಜ್ಜಿದ ಸ್ನಾಯುಗಳಲ್ಲಿ ಸೇರಿದ್ದ ಪೊಟ್ಯಾಸಿಯಂ ಒಮ್ಮೆಗೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಿಸಬಹುದು, ಸ್ನಾಯುವಿನ ಪ್ರೋಟೀನ್ ಮೂತ್ರಪಿಂಡಗಳನ್ನು ಕೆಡಿಸಬಹುದು. 1941ರಲ್ಲಿ, ಲಂಡನ್ನಿನ ಬಾಂಬ್ ದಾಳಿಯಲ್ಲಿ ಸಿಕ್ಕವರನ್ನು ನೋಡಿಕೊಂಡ ವೈದ್ಯರು ಇದನ್ನು ವಿವರವಾಗಿ ಬರೆದರು. ಮಾತನಾಡುತ್ತಿದ್ದವನು, ನೀರು ಕೇಳಿದವನು, ಬಿಡುಗಡೆಯಾದ ಮೇಲೆ ಕುಸಿಯುತ್ತಾನೆ. ಅದಕ್ಕೇ ಅನುಭವಸ್ಥರು ಕಲ್ಲು ಎತ್ತುವ ಮೊದಲೇ ರಕ್ತನಾಳಕ್ಕೆ ದ್ರವ ಹರಿಸತೊಡಗುತ್ತಾರೆ. ದಡ್ಡ ಧೈರ್ಯಶಾಲಿಗೂ ತಾಳ್ಮೆಯ ವೈದ್ಯೆಗೂ ಜಗಳ ಹಚ್ಚಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹೊರತೆಗೆಯದೆಯೂ ಮುಗಿಸಬಹುದು. 1988ರ ಡಚ್ ಚಿತ್ರ 'ಸ್ಪೋರ್ಲೂಸ್' ಹಾಗೆ ಮುಗಿಯುತ್ತದೆ, ಅದೇ ನಿರ್ದೇಶಕ ಜಾರ್ಜ್ ಸ್ಲೈಜರ್ 1993ರಲ್ಲಿ ಹಾಲಿವುಡ್‌ಗೆ ಮರುನಿರ್ಮಿಸುವಾಗ ಕೊನೆಯನ್ನು ಬದಲಿಸಿ ನಾಯಕನನ್ನು ಉಳಿಸಿದರು. ಎರಡನ್ನೂ ಒಂದೇ ದಿನ ನೋಡಿ, ಯಾವುದು ಮೈಗೆ ಅಂಟಿಕೊಳ್ಳುತ್ತದೆಂದು ನಾನು ಹೇಳಬೇಕಿಲ್ಲ. 1964ರ ಹಿಚ್‌ಕಾಕ್ ದೂರದರ್ಶನ ಮಾಲಿಕೆಯ ಒಂದು ಕಂತು ಇನ್ನೂ ಕ್ರೂರ. ಶವಪೆಟ್ಟಿಗೆಯಲ್ಲಿ ಅಡಗಿ ಜೈಲಿನಿಂದ ತಪ್ಪಿಸಿಕೊಳ್ಳುವ ಕೈದಿಯನ್ನು ಹೂತ ಮೇಲೆ ಅಗೆದು ತೆಗೆಯಬೇಕಾದ ಮುದುಕನೇ ಪಕ್ಕದಲ್ಲಿ ಹೆಣವಾಗಿ ಮಲಗಿರುತ್ತಾನೆ. ಮೇಲೆ ಯಾರಿದ್ದಾರೆ ಎಂಬ ಪ್ರಶ್ನೆಗೆ ಇಷ್ಟು ಚಿಕ್ಕ ಉತ್ತರವನ್ನು ನಾನು ಬೇರೆಲ್ಲೂ ನೋಡಿಲ್ಲ.

ಚಿತ್ರೀಕರಣಕ್ಕೆ

ಬರೆಯುವವರಿಗೂ ಇದು ಗೊತ್ತಿರಬೇಕು, ಏಕೆಂದರೆ ನೀವು ಬರೆದದ್ದನ್ನು ಯಾರೋ ಮಲಗಿ ನಟಿಸುತ್ತಾರೆ. ಪಕ್ಕದ ಹಲಗೆಗಳು ಬಿಚ್ಚುವಂತಿರಲಿ, ಮುಚ್ಚಳಕ್ಕೆ ಮೊಳೆ ಬೇಡ, ಒಳಗಿನಿಂದ ತಳ್ಳಿದರೆ ತೆರೆಯಬೇಕು. ನಟನ ಕಡೆಯಿಂದ ನಿಲ್ಲಿಸುವ ಸನ್ನೆ ಮಾತಿನದಾಗಿರಬಾರದು, ಕಿರುಚುವುದೇ ಪಾತ್ರವಾದಾಗ "ನಿಲ್ಲಿಸಿ" ಎಂಬುದನ್ನು ಯಾರು ನಂಬುತ್ತಾರೆ? ಕೈಗೊಂದು ಸ್ವಿಚ್ ಕೊಡಿ. ಅದರ ದೀಪವನ್ನು ನೋಡುತ್ತ ಕೂರುವವರಿಗೆ ಬೇರೆ ಕೆಲಸ ಹೇಳಬೇಡಿ.

1990ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಹೌದಿನಿಯನ್ನು ಅನುಕರಿಸಲು ಹೊರಟ ಜಾದೂಗಾರನೊಬ್ಬ ಪಾರದರ್ಶಕ ಪೆಟ್ಟಿಗೆಯಲ್ಲಿ ಮಲಗಿ, ಮೇಲೆ ಮಣ್ಣನ್ನೂ ಹಸಿ ಕಾಂಕ್ರೀಟನ್ನೂ ಸುರಿಸಿಕೊಂಡ. ಭಾರಕ್ಕೆ ಪೆಟ್ಟಿಗೆ ಕುಸಿಯಿತು, ಪ್ರೇಕ್ಷಕರ ಮುಂದೆಯೇ ಸತ್ತ. ಹಾಗಾಗಿ ಮಣ್ಣು ಸುರಿಯುವ ಶಾಟ್‌ನಲ್ಲಿ ಪೆಟ್ಟಿಗೆ ಖಾಲಿಯಿರಲಿ, ನಟ ಒಳಗಿರುವ ಶಾಟ್‌ನಲ್ಲಿ ಮೇಲೆ ಮಣ್ಣಿರದಿರಲಿ. ಎರಡನ್ನೂ ಕೂಡಿಸುವುದು ಸಂಕಲನಕಾರರ ಕೆಲಸ, ಅವರಿಗೆ ಸಂಬಳ ಕೊಡುವುದೇ ಅದಕ್ಕೆ.